ತೊಳೆಯಲೇ, ಹಾಗೇ ಇರಲೇ?

ಹುರಿದ ಗುರೆಳ್ಳಿನ ಹೊಗೆ, ಅದರೊಳಗೆ ತುಸು ಏಲಕ್ಕಿ, ತುಸು ಜೋಳದ ಹಿಟ್ಟು... ತೀರಿಹೋದ ತಾಯಿಯನ್ನು ಮಹಾನಂದಾ ಆಯಿ ಎನ್ನುತ್ತಿದ್ದಳು; ಅವಳಿಗೆ ಆಯಿ ಎಂದರೆ ಈ ವಾಸನೆ.

ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಆಯಿ ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿ ಹೊದಿಸುತ್ತಿದ್ದಳು. ಆಯಿ ಹೊಲಕ್ಕೆ ಹೋಗಿದ್ದರೂ ಸರಿಯೆ, ಕೌದಿಯನ್ನು ಮೂಗಿನ ತನಕ ಎಳೆದುಕೊಂಡರೆ ಅವಳು ಪಕ್ಕದಲ್ಲೇ ಕುಳಿತಂತೆ ಅನ್ನಿಸುತ್ತಿತ್ತು.

ಆ ಕೌದಿಯ ನೆನಪಿನ ಮೇಲೆಯೇ ಅವಳು ಒಂದು ವ್ಯಾಪಾರ ಕಟ್ಟಲು ಹೊರಟಿದ್ದಳು. ಅದು ಎರಡು ಸಾವಿರದ ಎಂಟನೆಯ ಇಸವಿ.

ಮತ್ತು ಆ ಮಧ್ಯಾಹ್ನ, ಬೈಲಹೊಂಗಲದ ಬೀಜದಂಗಡಿಯ ಮೇಲಿದ್ದ ಪುಟ್ಟ ಕಚೇರಿಯಲ್ಲಿ, ಅವಳ ಸಿಟ್ಟು ನೆತ್ತಿಗೇರಿತ್ತು!

"ಎರಡ ತಿಂಗಳಾತ್ರಿ! ನಿಮ್ಮ ಜಾಹೀರಾತು ನಂಬಿ ಕುಂತು ಎರಡ ತಿಂಗಳಾತು. ಒಂದರ ಸೀರಿ ಬಂತೇನ್ರಿ ನಮ್ಮ ಮನಿಗೆ?"

ಕಂಪ್ಯೂಟರಿನ ಮುಂದೆ ಕುಳಿತಿದ್ದವನು ತಲೆ ಎತ್ತಿದ. ಇಷ್ಟು ದಿನ ಫೋನಿನಲ್ಲಷ್ಟೇ ಕೇಳಿದ್ದ ದನಿಗೆ ಈಗ ಮುಖ ಬಂದಿತ್ತು. ಬಿಸಿಲಿಗೆ ಕೆಂಪಾದ ಮುಖ, ಧೂಳು ಮೆತ್ತಿದ ಚಪ್ಪಲಿ, ಎದೆಗವುಚಿ ಹಿಡಿದ ಕೈಚೀಲ.

ಅವನು ಎದ್ದು ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಅವಳ ಮುಂದಿಟ್ಟ. ತನ್ನ ಕಡೆಗಿದ್ದ ಟೇಬಲ್ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದ.

"ಕುಂದರ್ರಿ. ಮನೋಳಿಯಿಂದ ಎರಡ ಬಸ್ಸು ಬದಲಿ ಮಾಡಿ ಬಂದೀರಿ. ಮೊದಲ ನೀರು ಕುಡೀರಿ. ಆಮ್ಯಾಲ ಎಷ್ಟ ಬೇಕಾದಷ್ಟು ಬೈಯ್ರಿ."

ಬೈಯಲು ಬಂದವಳಿಗೆ ನೀರು ಕುಡಿಯದೆ ವಿಧಿಯಿರಲಿಲ್ಲ!

ಅವನ ಹೆಸರು ಶ್ರೀಶೈಲ. ರಾಮದುರ್ಗದವನು. ಪುಣೆಯ ಜಾಹೀರಾತು ಕಂಪನಿಯೊಂದರಲ್ಲಿ ಆರು ವರ್ಷ ದುಡಿದು ಬಂದಿದ್ದ. ಹೊಸದಾಗಿ ವ್ಯಾಪಾರ ಶುರು ಮಾಡಿದವರಿಗೆ ಇಂಟರ್ನೆಟ್ಟಿನಲ್ಲಿ ಗಿರಾಕಿ ಹುಡುಕಿಕೊಡುವುದು ಅವನ ಕೆಲಸ. ಅಂಥದೊಂದು ಕೆಲಸ ಇದೆ ಎಂಬುದೇ ಊರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಮಹಾನಂದಾಳ ವ್ಯಾಪಾರವೂ ಅಷ್ಟೇ ಹೊಸದು. ಹುಟ್ಟಿದ ಕೂಸನ್ನು ನಮ್ಮ ಕಡೆ ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಅಜ್ಜಿಯದೋ ಅಮ್ಮನದೋ ಉಟ್ಟು ಮೆತ್ತಗಾದ ಸೀರೆಯೇ ಆಗಬೇಕು. ದೂರದ ಊರುಗಳಲ್ಲಿರುವವರು ಅಂಥ ಸೀರೆಯನ್ನು ಅಂಚೆಯಲ್ಲಿ ಕಳಿಸಿದರೆ, ಮನೋಳಿಯ ಹೆಂಗಸರು ಅದನ್ನು ತೊಟ್ಟಿಲ ಕೌದಿಯಾಗಿ ಹೊಲಿದು ಹಿಂದಿರುಗಿಸುತ್ತಾರೆ. ಇಷ್ಟನ್ನು ಹೇಳುವ ಒಂದು ವೆಬ್‌ಸೈಟು ಮಾಡಿಸಲು ಅವಳು ಶಾಲೆಯ ನೌಕರಿ ಬಿಟ್ಟಿದ್ದಳು. ಅವಳನ್ನು ನಂಬಿ ಓಣಿಯ ಇಂದ್ರವ್ವ, ಕೃಷ್ಣವ್ವ ದಿನಾ ಬಂದು ಸೂಜಿ ಹಿಡಿದು ಕೂರುತ್ತಿದ್ದರು. ಸೂಜಿ ಇತ್ತು, ಸೀರೆ ಇರಲಿಲ್ಲ.

ಶ್ರೀಶೈಲ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

"ಇಲ್ಲಿ ನೋಡ್ರಿ. ಎರಡ ತಿಂಗಳದಾಗ ನಿಮ್ಮ ಸೈಟಿಗೆ ಬಂದವರು ಮುನ್ನೂರಾ ನಲವತ್ತು ಮಂದಿ. ಸೋಲಾಪುರ, ಮುಂಬೈ, ಸೂರತ್... ಎಲ್ಲಾರೂ ಕೌದಿ ಫೋಟೋ ನೋಡ್ಯಾರ. ಆದ್ರ 'ಸೀರೆಯನ್ನು ಈ ವಿಳಾಸಕ್ಕೆ ಕಳಿಸಿ' ಅನ್ನೋ ಪುಟಕ್ಕ ಬಂದ ಕೂಡಲೆ ತಿರುಗಿ ಹೋಗ್ಯಾರ. ಜಾಹೀರಾತು ಗಿರಾಕಿನ್ನ ಬಾಗಲತನಕ ಕರಕೊಂಡ ಬರತೈತಿ. ಒಳಗ ಬರ್ರಿ ಅನ್ನೂದು ಮನಿಯವರ ಕೆಲಸ."

"ಅಂದ್ರ ತಪ್ಪು ನಂದೇನು?"

"ತಪ್ಪಲ್ಲ. ಭಯ. ಗುರುತಿಲ್ಲದ ಊರು, ಗುರುತಿಲ್ಲದ ಹೆಣ್ಣಮಗಳು. ಅವರ ಕೈಯಾಗ ಅವ್ವನ ಸೀರಿ ಹ್ಯಾಂಗ ಕೊಡ್ತಾರ?"

ಮಹಾನಂದಾ ಅವನನ್ನೇ ದಿಟ್ಟಿಸಿದಳು. "ನೀವು ಕೊಡ್ತಿದ್ರೇನು?"

ಅವನು ಕಂಪ್ಯೂಟರನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ.

"ಇಲ್ರಿ. ಕೊಡ್ತಿರಲಿಲ್ಲ."

ಎಂಥ ಮನುಷ್ಯ! ತನ್ನ ಕೆಲಸ ಉಳಿಸಿಕೊಳ್ಳಲಿಕ್ಕಾದರೂ ಒಂದು ಸುಳ್ಳು ಹೇಳಬಾರದೇ? ಸಿಟ್ಟಿನಲ್ಲೇ ಮೆಟ್ಟಿಲಿಳಿದಳು. ಆದರೆ ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ ನೆನಪಾದದ್ದು ಅವನ ಮಾತಲ್ಲ, ತನ್ನ ಕಡೆ ತಿರುಗಿದ ಆ ಫ್ಯಾನು...

*

ಎಂಟು ದಿನಕ್ಕೆ ಮನೋಳಿಗೆ ಒಂದು ಪಾರ್ಸಲ್ ಬಂತು.

"ಬಂತವಾ, ಬಂತು! ಮೊದಲ್ನೇ ಸೀರಿ ಬಂತು!" ಇಂದ್ರವ್ವ ಅಂಗಳದಿಂದಲೇ ಕೂಗಿದಳು.

ಒಳಗೆ ಕಡು ಹಸಿರಿನ ಇಳಕಲ್ ಸೀರೆ, ಕೆಂಪು ಸೆರಗು. ಜೊತೆಗೊಂದು ಚೀಟಿ.

"ಕೊಡುತ್ತಿರಲಿಲ್ಲ ಎಂದು ಹೇಳಿದ ಮೇಲೆ ನಿದ್ದೆ ಬರಲಿಲ್ಲ. ಮನಸ್ಸಿಗೆ ಹತ್ತಿರದ ವಸ್ತು ಕೊಟ್ಟು ನೋಡದೆ ಗಿರಾಕಿಯ ಭಯ ತಿಳಿಯುವುದಿಲ್ಲ. ಇದು ನಮ್ಮವ್ವನ ಸೀರೆ. ನಾನೇ ನಿಮ್ಮ ಮೊದಲ ಗಿರಾಕಿ. ಶ್ರೀಶೈಲ."

ಮಹಾನಂದಾ ಚೀಟಿಯನ್ನು ಇನ್ನೊಮ್ಮೆ ಓದಿದಳು. ಸೀರೆಯನ್ನು ಬಿಡಿಸಿದಳು. ಸೆರಗಿನ ಮಡಿಕೆಯಿಂದ ಹೊಗೆಯ ವಾಸನೆ ಘಮ್ಮೆಂದು ಎದ್ದಿತು. ಒಂದು ಕ್ಷಣ ಆಯಿ ನೆನಪಾದಳು. ಆದರೆ ಕೆಲಸದ ಸಡಗರದಲ್ಲಿ ಆ ಕ್ಷಣ ಹಾಗೇ ಜಾರಿಹೋಯಿತು.

ಅವ್ವ ಇದ್ದಾಳೋ ಇಲ್ಲವೋ ಎಂದು ಅವನು ಬರೆದಿರಲಿಲ್ಲ. ಕೇಳಬೇಕು ಎಂದು ಇವಳಿಗೂ ಹೊಳೆಯಲಿಲ್ಲ.

ಮಹಾನಂದಾಳ ಮನೆಗೆ ಹಿರಿಯಳು ಅವಳ ದೊಡ್ಡವ್ವ ಗುರುಬಸವ್ವ. ಅವಳದೊಂದು ಕಟ್ಟುನಿಟ್ಟಿನ ನೇಮವಿತ್ತು.

"ಮಂದಿ ಉಟ್ಟ ಸೀರಿ ತೊಳೀದ ಸೂಜಿ ಹಾಕಬಾರದು. ಕೂಸಿನ ಮೈಗೆ ಹತ್ತೂದದು. ಹೊಳಿಗೆ ಒಯ್ರಿ."

ಒಯ್ಯುವ ಮೊದಲು ಇಂದ್ರವ್ವ ಕೌದಿ ಹೊಲಿಯುವವರ ರೂಢಿಯಂತೆ ಸೆರಗಿನ ತುದಿಯಿಂದ ಎರಡು ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿದಳು. ತೊಳೆದ ಮೇಲೆ ಬಣ್ಣ ಬಿಟ್ಟಿದೆಯೋ ಇಲ್ಲವೋ ಹೋಲಿಸಿ ನೋಡಲು, ದಾರದ ಬಣ್ಣ ಹೊಂದಿಸಲು ಅದು ಬೇಕು. ಪಟ್ಟಿಗೊಂದು ಹೆಸರಿನ ಚೀಟಿ ಸುತ್ತಿ, ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಳ ಒತ್ತಿದಳು.

ಆಮೇಲೆ ಸೀರೆ ಮಲಪ್ರಭೆಗೆ ಹೋಯಿತು. ಅಂಟುವಾಳದ ನೊರೆಯಲ್ಲಿ ಎರಡು ಸಲ ಮುಳುಗಿ, ಬಂಡೆಯ ಮೇಲೆ ಬಿಸಿಲು ಕುಡಿದು, ಹೂವಿನಂತೆ ಹಗುರಾಗಿ ಮರಳಿತು.

ಮೂರು ವಾರದ ಕೆಲಸ. ಮೊದಲ ವಾರಕ್ಕೇ ಫೋನು ಬಂತು.

"ಗಿರಾಕಿ ಮಾತಾಡಾಕತ್ತೇನ್ರಿ. ನನ್ನ ಸೀರಿ ಎಲ್ಲೈತಿ, ಏನಾತು, ಒಂದೂ ಗೊತ್ತಿಲ್ಲ. ಕಾಯೂದು ಭಾಳ ತ್ರಾಸ ಐತಿ!"

ಮಹಾನಂದಾ ನಕ್ಕುಬಿಟ್ಟಳು. "ಓಡಿ ಹೋಗಿಲ್ರಿ ನಿಮ್ಮ ಸೀರಿ. ಇಂದ್ರವ್ವನ ತೊಡಿ ಮ್ಯಾಲ ಕುಂತೈತಿ."

"ಹಂಗಾದ್ರ ವಾರಕ್ಕೊಂದು ಫೋಟೋ ಕಳಸ್ರಿ. ನನಗಷ್ಟ ಅಲ್ಲ, ಮುಂದ ಬರೋ ಎಲ್ಲಾ ಗಿರಾಕಿಗೂ."

ಪ್ರತಿ ಗುರುವಾರ ಅವಳು ಸವದತ್ತಿಯ ಇಂಟರ್ನೆಟ್ ಸೆಂಟರಿಗೆ ಹೋಗಿ ಫೋಟೋ ಕಳಿಸತೊಡಗಿದಳು. ಅವನ ಉತ್ತರ ಬರುವ ತನಕ ಕಾಯುತ್ತಿದ್ದಳು. ಉತ್ತರ ಎರಡೇ ಸಾಲು. "ಹಸಿರಿನ ಪಕ್ಕ ಹಳದಿ ಪಸಂದ ಕಾಣಿಸುತ್ತದೆ. ಮಳೆ ಬರುವ ಹಾಗಿದೆ, ಲಗೂನ ಮನೆ ಸೇರಿ." ಮೊದಲನೆಯ ಸಾಲು ಗಿರಾಕಿಯದು. ಎರಡನೆಯದು...?

"ಏನವಾ, ಗುರುವಾರ ಬಂದ್ರ ಹೊಸ ಬಳಿ ಹಾಕ್ಕೋತಿ?" ಕೃಷ್ಣವ್ವ ಕೆಣಕಿದಳು.

"ಸವದತ್ತಿ ಅಂದ್ರ ಪ್ಯಾಟಿ ಅಲ್ಲೇನು?"

"ಹೌದು, ಹೌದು. ಪ್ಯಾಟ್ಯಾಗ ಕಂಪೂಟರ ನೋಡತೈತಿ ಬಳಿ!"

*

ಕೌದಿ ಒಯ್ಯಲು ಅವನೇ ಮನೋಳಿಗೆ ಬಂದ.

ಗುರುಬಸವ್ವ ಬೆಳಿಗ್ಗೆಯಿಂದ ಒಲೆಯ ಮುಂದಿದ್ದಳು. ಬಂದವನನ್ನು ಮಣೆಯ ಮೇಲೆ ಕೂರಿಸಿ ತಾಟು ಇಟ್ಟಳು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿ, ಗಟ್ಟಿ ಮೊಸರು.

"ಉಣ್ಣೋ ತಮ್ಮಾ. ಆಮ್ಯಾಲ ಕೌದಿ ನೋಡಿಯಂತ."

"ಇಲ್ಲಬೇ, ಒಂದ ಸಲ ನೋಡಿಬಿಡತೇನಿ. ಮೂರು ವಾರ ಕಾದೇನಿ," ಎಂದು ಅವನು ನಕ್ಕ.

ಮಹಾನಂದಾ ಕೌದಿಯನ್ನು ತಂದು ಅವನ ಕೈಗಿಟ್ಟಳು. ಅವನ ಕಣ್ಣು ಅರಳಿತು. ಬೆರಳಿನಿಂದ ಹೊಲಿಗೆಯ ಸಾಲುಗಳನ್ನು ಸವರಿದ. ಆಮೇಲೆ ಮಗುವಿನಂತೆ ಕೌದಿಗೆ ಮುಖ ಒತ್ತಿದ.

ಹಾಗೇ ಕುಳಿತುಬಿಟ್ಟ.

ಮುಖ ಎತ್ತಿದಾಗ ಅವನು ಬೇರೆಯೇ ಮನುಷ್ಯನಾಗಿದ್ದ!

"ಇದನ್ನ... ತೊಳದೀರೇನ್ರಿ?"

"ಹೌದ್ರಿ. ಎರಡ ಸಲ," ಎಂದಳು ಮಹಾನಂದಾ ಹೆಮ್ಮೆಯಿಂದ. "ಭಾಳ ಹೊಗಿ ವಾಸನಿ ಹಿಡದಿತ್ತು. ಈಗ ನೋಡ್ರಿ, ಒಂಚೂರೂ ಇಲ್ಲ."

ಅವನು ಹೊಲಿಗೆಯ ಸಾಲಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದ.

"ಚಲೋ ಆಗೈತ್ರಿ. ಭಾಳ ಚಲೋ ಹೊಲದೀರಿ."

ಇಷ್ಟೇ ಅಂದ. ಎದ್ದು ಕೌದಿಯನ್ನು ಮಡಿಚಿ ಬಗಲಿಗಿಟ್ಟುಕೊಂಡ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ಬಿಸಿ ರೊಟ್ಟಿ ತಾಟಿನಲ್ಲೇ ಉಳಿಯಿತು.

ಗುರುಬಸವ್ವ ಎಷ್ಟೋ ಹೊತ್ತು ಆ ತಾಟನ್ನೇ ನೋಡಿದಳು. "ಎಪ್ಪತ್ತು ವರ್ಷದಾಗ ನನ್ನ ಮನ್ಯಾಗ ಹಿಂಗ ತಾಟು ಬಿಟ್ಟು ಎದ್ದವರಿಲ್ಲ. ನಮ್ಮ ಮನಿ, ನಮ್ಮ ಬಡತನ ನೋಡಿ ಮನಸ್ಸು ಬದಲಾಗಿರಬೇಕು ಅವಂದು. ಪುಣೆ ಕಂಡ ಹುಡುಗ."

ಮಹಾನಂದಾಳಿಗೆ ಅಳು ಬರಲಿಲ್ಲ, ಉರಿ ಬಂತು. 'ಇಷ್ಟೇ ಏನು ನೀನು? ವಾರವಾರ ಮಳೆ ಬಂತು, ಮನೆ ಸೇರು ಎಂದದ್ದೆಲ್ಲ ಬರೀ ಗಿರಾಕಿಯ ಮಾತೇ?'

ಸಂಜೆ ಫೋನು ಮಾಡಿದಳು. ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಮೂರನೆಯ ದಿನ ಅವಳು ಫೋನನ್ನು ಗೂಡಿನಲ್ಲಿಟ್ಟಳು. 'ಸಾಕು. ನನ್ನ ಕೆಲಸ ನನಗೆ ಗೊತ್ತು.'

*

ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು.

ಪಾರ್ಸಲ್ಲುಗಳು ಬರತೊಡಗಿದವು! ಸೋಮವಾರ ಎರಡು. ಬುಧವಾರ ಐದು. ಮುಂದಿನ ವಾರ ಹನ್ನೊಂದು! ಅಂಚೆಯ ಲಗಮಪ್ಪ ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಬಂದು, "ಏನ್ ತಂಗೀ, ಊರಮಂದಿ ಸೀರಿ ಎಲ್ಲಾ ನಿಮ್ಮ ಮನಿಗೇ ಬರಾಕತ್ತಾವಲ್ಲ!" ಎಂದು ಬೆವರು ಒರೆಸಿಕೊಂಡ. ಕೃಷ್ಣವ್ವ ಅವನಿಗೆ ದಿನಾ ಮಜ್ಜಿಗೆ ಕೊಡುವುದನ್ನು ರೂಢಿ ಮಾಡಿದಳು.

ಪ್ರತಿ ಪಾರ್ಸಲ್ಲಿನಲ್ಲೂ ವೆಬ್‌ಸೈಟಿನಿಂದ ತೆಗೆದ ಒಂದು ಅರ್ಜಿ ಇತ್ತು. ಮಹಾನಂದಾ ಬರೆಸಿದ್ದಕ್ಕಿಂತ ಎರಡು ಸಾಲು ಹೆಚ್ಚು.

"ಈ ಸೀರೆ ಯಾರದು? ಅವರ ಬಗ್ಗೆ ಏನಾದರೂ ಹೇಳುವುದಿದೆಯೇ?

ಸೀರೆಯನ್ನು ತೊಳೆಯಲೇ, ಹಾಗೇ ಇರಲೇ?"

'ಇದನ್ನು ನಾನು ಬರೆಸಿಲ್ಲವಲ್ಲ... ಸೈಟಿನ ಬೀಗದ ಕೈ ಇರುವುದು ನನ್ನ ಹತ್ತಿರ, ಇನ್ನೊಂದು ಅವನ ಹತ್ತಿರ!'

ಸೋಲಾಪುರದ ನಾಗರತ್ನಾ ಎಂಬಾಕೆ ಅರ್ಜಿಯ ಬೆನ್ನಿಗೇ ಪತ್ರ ಬರೆದಿದ್ದಳು.

"ನಿಮ್ಮ ಸೈಟನ್ನು ಹಿಂದೆ ಎರಡು ಸಲ ನೋಡಿ ಬಿಟ್ಟಿದ್ದೆ. ಈ ಸಲ ಆ ಕೊನೆಯ ಪ್ರಶ್ನೆ ಓದಿ ಅತ್ತುಬಿಟ್ಟೆ. ಇದನ್ನು ಕೇಳುವವರು ಸೀರೆಯನ್ನು ಹಾಳು ಮಾಡಲಾರರು ಅನ್ನಿಸಿತು. ದಯಮಾಡಿ ತೊಳೆಯಬೇಡಿ. ಅವ್ವ ತೀರಿ ಎರಡು ವರ್ಷವಾಯಿತು. ಅವಳ ವಾಸನೆ ಉಳಿದಿರುವುದು ಇದೊಂದರಲ್ಲೇ. ನನ್ನ ಮಗು ಅಜ್ಜಿಯನ್ನು ಅಷ್ಟಾದರೂ ಕಾಣಲಿ."

ಮಹಾನಂದಾ ಪತ್ರವನ್ನು ಮಡಿಲಿಗಿಳಿಸಿದಳು.

"ಭಾಳ ಹೊಗಿ ವಾಸನಿ ಹಿಡದಿತ್ತು. ಈಗ ನೋಡ್ರಿ, ಒಂಚೂರೂ ಇಲ್ಲ..."

ತನ್ನದೇ ಮಾತು! ಎಷ್ಟು ಹೆಮ್ಮೆಯಿಂದ ಹೇಳಿದ್ದಳು! ಅವನು ಕೌದಿಯಲ್ಲಿ ಮುಖ ಹುದುಗಿಸಿದ್ದು ಹೊಲಿಗೆ ನೋಡಲಿಕ್ಕಲ್ಲ. ಅವ್ವನನ್ನು ಹುಡುಕಲಿಕ್ಕೆ! ಆಯಿಯ ವಾಸನೆಯನ್ನು ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡ ತಾನೇ, ಇನ್ನೊಬ್ಬರ ಅವ್ವನನ್ನು ಹೊಳೆಯಲ್ಲಿ ಬಿಟ್ಟುಬಂದಿದ್ದಳು.

ಆ ಮನುಷ್ಯ ಒಂದೇ ಒಂದು ಮಾತು ಬೈಯಲಿಲ್ಲ. ತನ್ನ ನೋವನ್ನೇ ಒಂದು ಪ್ರಶ್ನೆಯಾಗಿ ಬರೆದು, ಅವಳ ಬಾಗಿಲಿಗೆ ಗಿರಾಕಿಗಳನ್ನು ಕಳಿಸಿದ್ದ.

"ಇಂದ್ರವ್ವಾ!" ಅವಳು ಧಡಕ್ಕನೆ ಎದ್ದಳು. "ಬಣ್ಣ ನೋಡೂ ಪಟ್ಟಿ... ಹಸಿರು ಇಳಕಲ್ಲಿಂದು... ಡಬ್ಬಿ ಎಲ್ಲೈತಿ?"

"ಅಟ್ಟದ ಮ್ಯಾಲ ಐತಿ. ಯಾಕವಾ?"

ಮುಚ್ಚಳ ತೆಗೆದಳು. ಚೀಟಿ ಬಿಚ್ಚಿ ಪಟ್ಟಿಯನ್ನು ಮೂಗಿಗೆ ಹಿಡಿದಳು.

ಇತ್ತು! ಹೊಗೆ, ಗುರೆಳ್ಳು, ಯಾರದೋ ಅವ್ವನ ಇಡೀ ಅಡುಗೆಮನೆ... ಎರಡು ಬೆರಳಗಲದಲ್ಲಿ ಹಾಗೇ ಇತ್ತು!

ತಟ್ಟನೆ ಮುಚ್ಚಳ ಒತ್ತಿದಳು.

ಗುರುಬಸವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಒಲೆಯ ಉರಿ ತಗ್ಗಿಸಿ, "ನೇಮ ನಂದು. ತಪ್ಪೂ ನಂದ," ಎಂದಳು. ಆಮೇಲೆ, "ಮೊದಲ್ನೇ ಬಸ್ಸು ಎಷ್ಟಕ್ಕೈತಿ?"

*

ಮರುದಿನ ಬೆಳಿಗ್ಗೆ ಶ್ರೀಶೈಲ ಕಚೇರಿಯ ಬೀಗ ತೆಗೆಯುತ್ತಿದ್ದ. ತಿರುಗಿದರೆ ಮೆಟ್ಟಿಲ ಮೇಲೆ ಮಹಾನಂದಾ ಕುಳಿತಿದ್ದಳು, ಮಡಿಲಲ್ಲಿ ಬಿಸ್ಕೀಟಿನ ಡಬ್ಬಿ.

"ನೀವಾ?... ಇಷ್ಟ ಲಗೂ?"

"ಹೂಂ. ಇವತ್ತೂ ಬೈಯಾಕ ಬಂದೇನಿ. ನೀರು ಆಮ್ಯಾಲ ಕೊಡ್ರಿ."

ಅವನು ತಲೆ ತಗ್ಗಿಸಿದ.

"ಒಂದ ಮಾತು ಹೇಳಬಾರದಾಗಿತ್ತೇನ್ರಿ? ತಾಟು ಬಿಟ್ಟು ಎದ್ದು ಹ್ವಾದ್ರಿ. ಫೋನ್ ಎತ್ತಲಿಲ್ಲ. ನಾವು ಬಡವರು, ಅದಕ್ಕ ಹೇಸಿ ಹ್ವಾದ್ರಿ ಅಂತ ತಿಳಕೊಂಡೆ ನಾನು!"

"ಹೇಸೂದಾ?" ಅವನು ಬೆಚ್ಚಿದ. "ಅವ್ವ ತೀರಿ ಹೋಗಿ ವರ್ಷ ಆತ್ರಿ. ಆ ತಾಟಿನ್ಯಾಗ ಗುರೆಳ್ಳು ಹಿಂಡಿ ಇತ್ತು. ಅವ್ವ ಇಡೀ ರಾಮದುರ್ಗದಾಗ ಹೆಸರಾಗಿದ್ದೇ ಆ ಹಿಂಡಿಗೆ. ಕೌದ್ಯಾಗ ಆಕಿ ಇಲ್ಲ, ತಾಟಿನ್ಯಾಗ ಅದಾಳ... ಇನ್ನೊಂದ ಚಣ ಕುಂತಿದ್ರ ನಿಮ್ಮ ದೊಡ್ಡವ್ವನ ಮುಂದ ಸಣ್ಣ ಹುಡುಗನಂಗ ಅಳತಿದ್ದೆ."

"ಅತ್ತಿದ್ರ ಏನಾಗತಿತ್ತು?"

"ನೀವು ನಿಮ್ಮ ತಪ್ಪು ಅಂತ ಕೌದಿ ಕೆಲಸಾನ ಬಿಟ್ಟಬಿಡತಿದ್ರಿ. ಅದು ತಪ್ಪಲ್ರಿ. ನಾನ ಹೇಳಲಿಲ್ಲ, ಅರ್ಜ್ಯಾಗ ಕೇಳೂದಿರಲಿಲ್ಲ. ಕೇಳಿದ್ರ ಗಿರಾಕಿ ನಂಬತಾರ ಅನ್ನೂದು ಅವತ್ತ ತಿಳೀತು. ಅದಕ್ಕ ಬರದೆ."

"ನಾನು ಬಿಡೂದಾ?" ಮಹಾನಂದಾ ನೆಟ್ಟಗೆ ನಿಂತಳು. "ಹದಿನೆಂಟು ಸೀರಿ ಬಂದಾವ ಮನಿಗೆ! ಹನ್ನೆರಡು ಮಂದಿ ತೊಳೀಬ್ಯಾಡ್ರಿ ಅಂದಾರ. ಇನ್ನ ಮ್ಯಾಲ ಆ ಪ್ರಶ್ನೆ ಅರ್ಜಿ ಕೊನೀಗೆ ಬ್ಯಾಡ. ಜಾಹೀರಾತಿನ ಮೊದಲ್ನೇ ಸಾಲನ ಅದಾಗಬೇಕು. ನೋಡ್ರಿ ಎಷ್ಟ ಮಂದಿ ಬರತಾರ!"

ಅವನು ಅವಳನ್ನೇ ನೋಡಿದ. ಆರು ವರ್ಷ ಪುಣೆಯಲ್ಲಿ ಕಲಿತವನಿಗೆ ಇದು ಹೊಳೆದಿರಲಿಲ್ಲ!

"ಈಗ ಇದನ್ನ ತಗೋರಿ." ಅವಳು ಡಬ್ಬಿಯನ್ನು ಚಾಚಿದಳು. ದನಿ ಇದ್ದಕ್ಕಿದ್ದಂತೆ ಮೆತ್ತಗಾಗಿತ್ತು. "ತೊಳಿಯೂಕಿಂತ ಮೊದಲ ಕತ್ತರಿಸಿದ್ದು. ಲಗೂನ ಮುಚ್ಚರಿ, ಗಾಳಿ ಆಡಬಾರದು."

ಅವನು ಮುಚ್ಚಳ ತೆಗೆದ. ಪಟ್ಟಿಯನ್ನು ಮೂಗಿನ ಹತ್ತಿರ ತಂದ.

"ಅವ್ವಾ..."

ಮೆಟ್ಟಿಲ ಮೇಲೆ ಕುಸಿದು ಕುಳಿತ. ಈ ಸಲ ಅಳುವನ್ನು ತಡೆಯಲಿಲ್ಲ. ಮಹಾನಂದಾ ಒಳಗೆ ಹೋಗಿ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ತಂದು ಅವನ ಪಕ್ಕ ಇಟ್ಟಳು.

"ಕೌದಿ ತಗೊಂಡ ಮನೋಳಿಗೆ ಬರ್ರಿ," ಎಂದಳು ಅವನು ಸುಧಾರಿಸಿಕೊಂಡ ಮೇಲೆ. "ಮೂಲಿ ಬಿಚ್ಚಿ ಇದನ್ನ ಒಳಗ ಹೊಲೀತೇನಿ. ನಮ್ಮ ಆಯಿ ಸೀರಿ ಅನ್ನೂವಂಗ ಸಂಭಾಳಿಸಿ ಹೊಲೀತೇನಿ."

*

ಆ ಭಾನುವಾರ ಪಡಸಾಲೆಯ ತುಂಬ ಊರೂರಿನ ಸೀರೆಗಳು. ಪ್ರತಿಯೊಂದರ ಮೇಲೂ ಒಂದು ಚೀಟಿ. ಅವುಗಳ ನಡುವೆ ಮಹಾನಂದಾ ಹಸಿರು ಕೌದಿಯ ಮೂಲೆಯನ್ನು ಹೊಲಿಯುತ್ತಿದ್ದಳು. ಎದುರಿಗೆ ಶ್ರೀಶೈಲ, ಪಕ್ಕದಲ್ಲಿ ಡಬ್ಬಿ. ಇಂದ್ರವ್ವ, ಕೃಷ್ಣವ್ವ ಏನೋ ನೆಪ ಹೇಳಿ ಅಂಗಳಕ್ಕೆ ಹೋಗಿದ್ದರು.

"ಮಹಾನಂದಾ..."

"ಹೂಂ."

"ಗಿರಾಕಿಯಾಗಿ ಬಂದೆ. ಈ ಹೊಲಿಗಿ ಮುಗದ ಕೂಡಲೆ ಗಿರಾಕಿಯಾಗೇ ಹೋಗಬೇಕೇನು?"

ಅವಳ ಸೂಜಿ ಒಂದು ಕ್ಷಣ ನಿಂತಿತು. ಕೆನ್ನೆ ಬಿಸಿಯಾಯಿತು. ಆದರೆ ಕಣ್ಣು ತಗ್ಗಿಸಲಿಲ್ಲ.

"ಗುರುವಾರ ಬರತಿದ್ದ ಪತ್ರದಾಗ ಎರಡನೇ ಸಾಲು ಯಾರು ಬರೀತಿದ್ರು? ಗಿರಾಕಿನೋ, ಮತ್ಯಾರೋ?"

"ಮತ್ಯಾರೋ."

"ಹಂಗಾದ್ರ ಆ ಮತ್ಯಾರಿಗೋ ಹೇಳ್ರಿ. ಗಿರಾಕಿ ಹೋಗಲಿ, ಅವರು ಇರಲಿ."

ಅವನು ನಕ್ಕ. ಅವಳೂ ನಕ್ಕಳು. ಹೊಲಿಗೆ ಮಾತ್ರ ಅಂದು ಬಹಳ ನಿಧಾನಕ್ಕೆ ಮುಗಿಯಿತು.

ಕೊನೆಯ ದಾರವನ್ನು ಕತ್ತರಿಸಿ, ಅವಳು ಕೌದಿಯನ್ನು ಅವನ ಮಡಿಲಿಗಿಟ್ಟಳು. ಅವನು ಮೂಲೆಗೆ ಮುಖ ಒತ್ತಿ ಕಣ್ಣು ಮುಚ್ಚಿದ. ಈ ಸಲ ಅವನ ಮುಖ ಬೆಳಗಿತು.

ಆಗ ಅಡುಗೆಮನೆಯ ಬಾಗಿಲಲ್ಲಿ ಗುರುಬಸವ್ವ ಬಂದು ನಿಂತಳು. ಕೈಯಲ್ಲಿ ಅದೇ ತಾಟು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಗುರೆಳ್ಳು ಹಿಂಡಿ ಮಾತ್ರ ಅಂದಿಗಿಂತ ಒಂದು ಹಿಡಿ ಹೆಚ್ಚಿತ್ತು.

ಅವಳು ಬಗ್ಗಿ, ತಾಟನ್ನು ಅವನ ಎರಡೂ ಕೈಗೆ ಕೊಟ್ಟಳು.